ಪ್ರಾಜೆಕ್ಟಿಗೆ ಬಿಸ್ಮತ್ತೋ, ಟಂಗ್‌ಸ್ಟನ್ ಡೈಟೆಲ್ಯುರೈಡೋ?

ಧಾರವಾಡದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತ, ಕಾಂತಕ್ಷೇತ್ರದಲ್ಲಿ ಲೋಹದ ರೋಧ ಹೇಗೆ ಏರುತ್ತದೆಂದು ಅಳೆಯಬೇಕೆಂದಿದ್ದರೆ ಮೊದಲು ಕೈಯಲ್ಲಿರುವ ಮ್ಯಾಗ್ನೆಟ್ ನೋಡಿ. 1 ಟೆಸ್ಲಾದ ಎಲೆಕ್ಟ್ರೋಮ್ಯಾಗ್ನೆಟ್ ಅಷ್ಟೇ ಇದೆಯೇ? ಹಾಗಾದರೆ ಬಿಸ್ಮತ್.

ಬಿಸ್ಮತ್‌ನಲ್ಲಿ ಸುಮಾರು 1 ಲಕ್ಷ ಪರಮಾಣುವಿಗೊಂದು ಚಲಿಸುವ ಎಲೆಕ್ಟ್ರಾನ್, ಅಷ್ಟೇ ಹೋಲ್ (ಎಲೆಕ್ಟ್ರಾನ್ ಇಲ್ಲದ, ಧನ ವಿದ್ಯುದಂಶದಂತೆ ಓಡಾಡುವ ಖಾಲಿ ಜಾಗ). ಅದಕ್ಕೇ ಕೋಣೆಯ ಉಷ್ಣತೆಯಲ್ಲೂ ರೋಧದ ಏರಿಕೆ ಸ್ಪಷ್ಟವಾಗಿ ಕಾಣುತ್ತದೆ. ದ್ರವ ಸಾರಜನಕದಲ್ಲಿ, 77 ಕೆಲ್ವಿನ್‌ಗೆ, ಇನ್ನೂ ಜೋರು. ಕೋಣೆಯ ಉಷ್ಣತೆಯಲ್ಲಿ, ಕ್ಷೇತ್ರವಿಲ್ಲದಾಗ, 1 ಮಿ.ಮೀ. ಚೌಕದ ಕಡ್ಡಿಯಲ್ಲಿ 10 ಮಿ.ಮೀ. ಅಂತರಕ್ಕೆ ರೋಧ ಸುಮಾರು 13 ಮಿಲಿಓಮ್. 100 ಮಿಲಿಆಂಪ್ ಹರಿಸಿದರೆ ಸಿಗುವುದು 1.3 ಮಿಲಿವೋಲ್ಟ್, ಆದ್ದರಿಂದ ನಾಲ್ಕು ತಂತಿಯ ಅಳತೆಯೇ (ಎರಡು ತಂತಿ ಕರೆಂಟಿಗೆ, ಎರಡು ವೋಲ್ಟೇಜಿಗೆ) ಬೇಕು. ಬೆಸುಗೆ ಹಾಕಲು ಹೋಗಬೇಡಿ: ಬಿಸ್ಮತ್ 271 ಡಿಗ್ರಿಗೇ ಕರಗುತ್ತದೆ, 350 ಡಿಗ್ರಿಯ ಐರನ್ ಮುಟ್ಟಿದರೆ ಮೂಲೆಯೇ ಮಾಯ. ಸಿಲ್ವರ್ ಪೇಸ್ಟ್ ಸಾಕು. ಎರಕ ಹೊಯ್ದರೆ ಹೆಪ್ಪುಗಟ್ಟುವಾಗ ಹಿಗ್ಗಿ ಗಾಜಿನ ಕೊಳವೆ ಸೀಳುತ್ತದೆ. ಬಾಯಿ ತೆರೆದಿಟ್ಟು ಕೆಳಗಿನಿಂದ ತಣಿಸಿ.

ತಂತಿಗಳು ಕೂದಲೆಳೆ ಸರಿದರೂ ಹಾಲ್ ವೋಲ್ಟೇಜ್ (ಕಾಂತಕ್ಷೇತ್ರದಿಂದ ಕರೆಂಟಿಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜ್) ಬೆರೆತುಬಿಡುತ್ತದೆ. ಕ್ಷೇತ್ರ ತಿರುಗಿಸಿ ಎರಡರ ಸರಾಸರಿ ತೆಗೆಯಿರಿ. ಕರೆಂಟನ್ನೂ ತಿರುಗಿಸಿ, ಉಷ್ಣತೆಯ ವ್ಯತ್ಯಾಸದಿಂದ ಹುಟ್ಟುವ ಉಷ್ಣವೋಲ್ಟೇಜ್ ಕಳೆಯುತ್ತದೆ.

ಟಂಗ್‌ಸ್ಟನ್ ಡೈಟೆಲ್ಯುರೈಡ್‌ದು ಬೇರೆ ಲೆಕ್ಕ; ಅದು ಟಂಗ್‌ಸ್ಟನ್, ಟೆಲ್ಯುರಿಯಂ ಸೇರಿದ ಸಂಯುಕ್ತ. 2014ರಲ್ಲಿ 60 ಟೆಸ್ಲಾ, 0.53 ಕೆಲ್ವಿನ್‌ನಲ್ಲಿ ಅದರ ರೋಧ ಶೇ. 1.3 ಕೋಟಿಯಷ್ಟು ಏರಿತ್ತು, ಅಲ್ಲೂ ನಿಲ್ಲುವ ಸೂಚನೆಯಿರಲಿಲ್ಲ. ಎಲೆಕ್ಟ್ರಾನ್-ಹೋಲ್ ಸಂಖ್ಯೆ ಹೆಚ್ಚುಕಮ್ಮಿ ಸಮವಾಗಿರುವುದೇ ಇದಕ್ಕೆ ಕೊಡುವ ಮುಖ್ಯ ಕಾರಣ. ಆದರೆ ಮಜಾ ಇರುವುದು ದ್ರವ ಹೀಲಿಯಂ ತಂಪಿನಲ್ಲಿ. ಹರಳು ಬೆಳೆಸಲು ಮುಚ್ಚಿದ ಕ್ವಾರ್ಟ್ಜ್ ಕೊಳವೆ, ವಾರಗಟ್ಟಲೆ ಕುಲುಮೆ ಬೇಕು. ಟೆಲ್ಯುರಿಯಂ ವಿಷಕಾರಿ, ಮೈಗೆ ಹೊಕ್ಕರೆ ಉಸಿರೆಲ್ಲ ಬೆಳ್ಳುಳ್ಳಿ. ಹೀಲಿಯಂ ಕ್ರಯೋಸ್ಟಾಟ್ (ಅತಿ ತಂಪಿನಲ್ಲಿಡುವ ಉಪಕರಣ), 9 ಟೆಸ್ಲಾದ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಇರುವ ಲ್ಯಾಬಿನಲ್ಲಿ ಸಮಯ ಸಿಕ್ಕರೆ ಮಾತ್ರ ಇದಕ್ಕೆ ಕೈಹಾಕಿ.