ಕ್ಯಾಮೆರಾಕ್ಕೆ ಯಾವ ಪೆನ್ಸಿಲ್ ಸೆಲ್ ಒಳ್ಳೆಯದು? ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ಬಾಗಲಕೋಟೆಯಿಂದ ಬಾದಾಮಿ, ಐಹೊಳೆ ಕಡೆ ಹೊರಟರೆ ಅದೇ ಜೊತೆಗೆ. ಹೊಸ ಸೆಲ್ ಹಾಕಿದರೂ 'ಬ್ಯಾಟರಿ ಮುಗಿದಿದೆ' ಅಂತ ತೋರಿಸುತ್ತದೆ ಅನ್ನುವವರು ಬಹಳ ಮಂದಿ. ಮುಕ್ಕಾಲು ಪಾಲು ತಪ್ಪು ಸೆಲ್‌ನದ್ದು, ಕ್ಯಾಮೆರಾದ್ದಲ್ಲ.

ಗಡಿಯಾರ, ರಿಮೋಟಿಗೆ ಹಾಕುವ ಅಗ್ಗದ ಜಿಂಕ್ ಸೆಲ್ ಬೇಡವೇ ಬೇಡ. ಲೆನ್ಸ್ ಹೊರಗೆ ಬರುತ್ತದೆ, ಜೂಮ್ ಒತ್ತಿದ ಕೂಡಲೇ ಆಫ್. ಅದೇ ಸೆಲ್ ಗೋಡೆ ಗಡಿಯಾರವನ್ನು ತಿಂಗಳುಗಟ್ಟಲೆ ಓಡಿಸುತ್ತದೆ! ಗಡಿಯಾರ ಹನಿಹನಿಯಾಗಿ ಕರೆಂಟ್ ಎಳೆಯುತ್ತದೆ, ಕ್ಯಾಮೆರಾ ಒಮ್ಮೆಲೇ ಎಳೆಯುತ್ತದೆ. ಆಗ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಖಾಲಿ ಅಂದುಕೊಳ್ಳುತ್ತದೆ.

ಆಲ್ಕಲೈನ್ ಪರವಾಗಿಲ್ಲ, ಊರೂರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ 1.5 ವೋಲ್ಟ್‌ನಿಂದ ಶುರುವಾಗಿ ಇಳಿಯುತ್ತಲೇ ಹೋಗುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಕಂಬದ ಮೇಲಿನ ಜೋಡಿ ಶಿಲ್ಪಗಳಿಗೆ ಜೂಮ್ ಹಾಕಿ ಹಾಕಿ ತೆಗೆಯುವಷ್ಟರಲ್ಲಿ ಕೆಂಪು ಗುರುತು ಬಂತು. ನಾಲ್ಕನೇ ಗುಹೆ ಇನ್ನೂ ಬಾಕಿ. ಎಷ್ಟು ಬೇಜಾರು ಅಲ್ವಾ?

ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನ ವೋಲ್ಟೇಜ್ 1.2 ಮಾತ್ರ. ಆದರೂ ಕ್ಯಾಮೆರಾ ಒಮ್ಮೆಲೇ ಕರೆಂಟ್ ಎಳೆದಾಗ ಅದು ಅಷ್ಟಾಗಿ ಕುಸಿಯುವುದಿಲ್ಲ. ಇದರಲ್ಲೂ ಎರಡು ಥರ. 2700 ಎಂಎಎಚ್ (ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಅಳತೆ) ಅಂತ ದೊಡ್ಡದಾಗಿ ಬರೆದ ಸಾದಾ ಸೆಲ್ ಚಾರ್ಜ್ ಮಾಡಿದ ದಿನ ಜೋರು, ಬೀರುವಿನಲ್ಲಿಟ್ಟರೆ ತಾನೇ ಇಳಿಯುತ್ತದೆ. 2005ರಲ್ಲಿ ಸ್ಯಾನ್ಯೋ ತಂದ ಎನೆಲೂಪ್ ಥರದ, ಚಾರ್ಜ್ ಹಿಡಿದಿಟ್ಟುಕೊಳ್ಳುವ ಸೆಲ್ ಸುಮಾರು 2000 ಎಂಎಎಚ್ ಅಷ್ಟೇ. ಆದರೆ ತಿಂಗಳುಗಳ ನಂತರ ತೆಗೆದರೂ ಕೆಲಸಕ್ಕೆ ಸಿದ್ಧ. ಜಾತ್ರೆಗೋ ಮದುವೆಗೋ ಆಗಾಗ ಕ್ಯಾಮೆರಾ ಎತ್ತುವ ನಮ್ಮಂಥವರಿಗೆ ಇದೇ ಸರಿ. ಬೆಲೆ ಜಾಸ್ತಿ, ಆದರೆ ನೂರಾರು ಸಲ ಚಾರ್ಜ್ ಮಾಡಬಹುದು.

ಇದನ್ನು ಹಾಕಿದರೂ ಬೇಗ ಆಫ್ ಆಗುತ್ತಿದ್ದರೆ ಮೆನು ನೋಡಿ. ನಿಕಾನ್ ಕೂಲ್‌ಪಿಕ್ಸ್‌ನ ಹಲವು ಎಲ್ ಸರಣಿ ಕ್ಯಾಮೆರಾಗಳಲ್ಲಿ ಸೆಲ್ ಯಾವ ಬಗೆಯದು ಅಂತ ಆರಿಸಬೇಕು. ಆಲ್ಕಲೈನ್ ಅಂತಲೇ ಬಿಟ್ಟರೆ ಚಾರ್ಜ್ ಎಷ್ಟು ಉಳಿದಿದೆ ಅನ್ನುವ ಕ್ಯಾಮೆರಾದ ಲೆಕ್ಕ ತಪ್ಪುತ್ತದೆ. ಆಮೇಲೆ ಸೆಲ್ ತಾಗುವ ಲೋಹದ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಹಳೆಯದು ಹೊಸದು ಮಾತ್ರ ಬೆರೆಸಬೇಡಿ. ನಾಲ್ಕರಲ್ಲಿ ಒಂದು ಸೋತರೂ ಕ್ಯಾಮೆರಾ ನಿಲ್ಲುತ್ತದೆ.