ಕುನ್ಮಿಂಗ್ ಚಾಂಗ್‌ಶುಯಿ ವಿಮಾನ ನಿಲ್ದಾಣ: ಕಟ್ಟಡಕ್ಕೆ ಪೂರ್ಣ ಅಂಕ, ಜಾಗಕ್ಕೆ ಅಲ್ಲ

ಚಳಿಗಾಲದಲ್ಲಿ ಕುನ್ಮಿಂಗ್‌ನಿಂದ ಹೊರಡುವವರು ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ಈ ವಿಮರ್ಶೆಯಲ್ಲಿ ಒಂದೇ ಮಾತು ಓದುವಷ್ಟು ಪುರುಸೊತ್ತಿದ್ದರೆ ಇಷ್ಟು ಸಾಕು.

ನಾನು ಮೈಸೂರಿನವನು, ಚೀನಾದ ಯುನ್ನಾನ್ ಪ್ರಾಂತ್ಯದ ಈ ರಾಜಧಾನಿಯಲ್ಲಿ ಯೋಗ ಕಲಿಸುತ್ತೇನೆ. ಊರಿಗೆ ಹೋಗುವಾಗಲೂ ಬರುವಾಗಲೂ ಚಾಂಗ್‌ಶುಯಿಯನ್ನು ಹಾಯಲೇಬೇಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಮಂಜಿನ ಲೆಕ್ಕಕ್ಕೆ.

ಹಳೆಯ ವೂಜಿಯಾಬಾ ನಿಲ್ದಾಣ 1920ರ ದಶಕದ್ದು, ನಗರದ ಮಗ್ಗುಲಲ್ಲೇ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯದ ಅಂಚು ದಾಟಿ ಬರುತ್ತಿದ್ದ ಸರಕು ವಿಮಾನಗಳು ಅಲ್ಲಿ ಇಳಿಯುತ್ತಿದ್ದವು. ಸುತ್ತಲೂ ಊರು ಬೆಳೆದು ರನ್‌ವೇ ಹಿಗ್ಗಿಸಲು ಜಾಗವೇ ಉಳಿಯಲಿಲ್ಲ. 2012ರ ಜೂನ್ 28ರಂದು ಅದನ್ನು ಮುಚ್ಚಿ, ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಗುಡ್ಡ ಕಡಿದು ಕಣಿವೆ ತುಂಬಿ ಕಟ್ಟಿದ ಚಾಂಗ್‌ಶುಯಿಯನ್ನು ತೆರೆದರು. ಜಾಗದ ಸಮಸ್ಯೆ ತೀರಿತು, ಹವಾಮಾನದ ಸಮಸ್ಯೆ ಶುರುವಾಯಿತು. ಪಕ್ಕದ ಗುಯಿಝೌ ಪ್ರಾಂತ್ಯದ ಕಡೆಯಿಂದ ಬರುವ ತಣ್ಣನೆಯ ತೇವದ ಗಾಳಿ ಯುನ್ನಾನಿನ ಬೆಚ್ಚನೆಯ ಒಣ ಗಾಳಿಗೆ ಎದುರಾಗಿ, ಚಳಿಗಾಲದಲ್ಲಿ ದಿನಗಟ್ಟಲೆ ಅಲ್ಲಾಡದೆ ನಿಂತುಬಿಡುತ್ತದೆ. ಹೊಸ ನಿಲ್ದಾಣ ಎರಡೂ ಗಾಳಿಗಳು ಎದುರಾಗುವ ಆ ಗಡಿಗೆ ಹಳೆಯದಕ್ಕಿಂತ ಹತ್ತಿರ. ಹೀಗಾಗಿ ನಗರದಲ್ಲಿ ಎಳೆಬಿಸಿಲು ಕಾಯಿಸುತ್ತ ಕುಳಿತವರಿಗೆ ರನ್‌ವೇ ಮೇಲೆ ಏನೂ ಕಾಣದಷ್ಟು ಮಂಜಿದೆ ಎಂದರೆ ನಂಬಿಕೆಯೇ ಬರುವುದಿಲ್ಲ. ತೆರೆದ ಮೊದಲ ಚಳಿಗಾಲದಲ್ಲೇ, 2013ರ ಜನವರಿಯಲ್ಲಿ, ನಾನೂರಕ್ಕೂ ಹೆಚ್ಚು ವಿಮಾನಗಳು ರದ್ದಾಗಿ ಸುಮಾರು 7,500 ಪ್ರಯಾಣಿಕರು ಟರ್ಮಿನಲ್‌ನಲ್ಲೇ ಸಿಕ್ಕಿಬಿದ್ದಿದ್ದರು. ಕಂಗೆಟ್ಟ ಜನ ಕೌಂಟರ್‌ಗಳ ಮೇಲೆ ಸಿಟ್ಟು ತೀರಿಸಿಕೊಂಡದ್ದೂ ಸುದ್ದಿಯಾಯಿತು. ಮಧ್ಯಾಹ್ನದ ವಿಮಾನ ಹಿಡಿಯಿರಿ ಎನ್ನುವುದು ಇದಕ್ಕೇ: ಹೊತ್ತೇರಿದಂತೆ ಮಂಜು ಸಾಮಾನ್ಯವಾಗಿ ಕರಗುತ್ತದೆ.

ಕಟ್ಟಡದ ಬಗ್ಗೆ ಮಾತ್ರ ನನ್ನದು ಒಳ್ಳೆಯ ಮಾತೇ. ಚಾವಣಿಯನ್ನು ಹೊತ್ತಿರುವುದು ನೇರ ಕಂಬಗಳಲ್ಲ, ಅಲೆಯಂತೆ ಬಾಗಿದ ಏಳು ಹೊಂಬಣ್ಣದ ಉಕ್ಕಿನ ಪಟ್ಟಿಗಳು. ಕಣ್ಣಿಗೆ ಕಾಣದ ಕೆಲಸ ಅದಕ್ಕಿಂತ ದೊಡ್ಡದು. ಇದು ಭೂಕಂಪದ ಸೀಮೆ. ಟರ್ಮಿನಲ್‌ನ ನಡುಭಾಗದ ಅಡಿಯಲ್ಲಿ ನೆಲದ ಕುಲುಕಾಟವನ್ನು ಹೀರಿಕೊಳ್ಳುವ ರಬ್ಬರ್ ಆಧಾರಗಳನ್ನು ಕೂರಿಸಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ವಿಮಾನ ಮೇಲೇಳಲು ಹೆಚ್ಚು ಓಡಬೇಕು. ಎರಡು ರನ್‌ವೇಗಳ ಉದ್ದ 4,000 ಮತ್ತು 4,500 ಮೀಟರ್ ಇರುವುದಕ್ಕೆ ಇದೂ ಒಂದು ಕಾರಣ. ಬೆಟ್ಟದೂರಿನ ಅಭ್ಯಾಸವಿಲ್ಲದವರು ಸೂಟ್‌ಕೇಸ್ ಎಳೆಯುತ್ತ ಗೇಟಿನ ಕಡೆ ಓಡಬೇಡಿ, ಏದುಸಿರು ಬರುತ್ತದೆ. ದೇಶದೊಳಗಿನ ಮತ್ತು ಹೊರದೇಶದ ವಿಮಾನಗಳೆರಡೂ ಒಂದೇ ಟರ್ಮಿನಲ್‌ನಲ್ಲಿರುವುದು ವಯಸ್ಸಾದ ತಂದೆತಾಯಿಯನ್ನು ಕರೆತರುವವರಿಗೆ ದೊಡ್ಡ ಅನುಕೂಲ.

ಮೆಟ್ರೊ 6ನೇ ಮಾರ್ಗ ನಿಲ್ದಾಣದ ಜೊತೆಯಲ್ಲೇ ಶುರುವಾದರೂ ಪೂರ್ವ ಬಸ್ ನಿಲ್ದಾಣಕ್ಕೆ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಬಸ್ಸೋ ಟ್ಯಾಕ್ಸಿಯೋ ಹುಡುಕಬೇಕಾಗಿತ್ತು. 2017ರಲ್ಲಿ 3ನೇ ಮಾರ್ಗ ಬಂತು, 2020ರಲ್ಲಿ 6ನೇ ಮಾರ್ಗವೇ ನಗರದೊಳಕ್ಕೆ ಬೆಳೆಯಿತು. ಈಗ ಟ್ಯಾಕ್ಸಿಯ ಗೋಜೇ ಬೇಡ.

ಭಾರತದವರಿಗೆ ಕುನ್ಮಿಂಗ್ ಹತ್ತಿರವಾಗಿದ್ದದ್ದು ಕೋಲ್ಕತ್ತದ ನೇರ ವಿಮಾನದಿಂದ. 2020ರಲ್ಲಿ ಎರಡು ದೇಶಗಳ ನಡುವಿನ ಹಾರಾಟವೇ ನಿಂತ ಮೇಲೆ ಬ್ಯಾಂಕಾಕ್ ಸುತ್ತಿ ಬರುವ ಗತಿಯಾಯಿತು. ಆ ದಿನಗಳಲ್ಲಿ ಒಂದು ವಿಮಾನ ಸಂಸ್ಥೆ ನನ್ನ ಸಾಮಾನನ್ನು ಬ್ಯಾಂಕಾಕಿನಲ್ಲೇ ಬಿಟ್ಟು ಬಂದಿತ್ತು, ಅದು ಬೇರೆ ಕಥೆ. 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ–ಗುವಾಂಗ್‌ಝೌ ವಿಮಾನದೊಂದಿಗೆ ನೇರ ಸಂಚಾರ ಮತ್ತೆ ಆರಂಭವಾಗಿದೆ. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಇಳಿಯುವವರಿಗೆ 240 ಗಂಟೆಗಳ ವೀಸಾ ರಹಿತ ಸೌಲಭ್ಯ ಕುನ್ಮಿಂಗ್‌ನಲ್ಲಿದ್ದರೂ ಅದು ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ನಡುವೆ ಇಳಿದು ಊರು ನೋಡುವ ಆಸೆಯಿದ್ದವರು ವೀಸಾ ಮಾಡಿಸಿಕೊಂಡೇ ಬನ್ನಿ.

ಎರಡನೆಯ ಟರ್ಮಿನಲ್ ಮತ್ತು ಹೊಸ ರನ್‌ವೇ ಸೇರಿದ ವಿಸ್ತರಣೆಯ ಕೆಲಸ ನಡೆದಿದೆ, ಚೊಂಗ್‌ಚಿಂಗ್ ಕಡೆಯ ಅತಿವೇಗದ ರೈಲನ್ನೂ ನಿಲ್ದಾಣಕ್ಕೇ ತರುತ್ತಿದ್ದಾರೆ. ಇದೆಲ್ಲ ಮುಗಿದ ಮೇಲೆ ಒಂದೇ ಟರ್ಮಿನಲ್ಲಿನ ಅನುಕೂಲ ಉಳಿಯುತ್ತದೆಯೇ ಎಂಬ ಅನುಮಾನ ನನಗಿದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿನ ಮಿಶಿಯಾನ್ ನಮ್ಮ ಒತ್ತು ಶಾವಿಗೆಯ ಹಾಗೇ ಅಕ್ಕಿಯದು, ಆದರೆ ಸಾರು ಬಹುಪಾಲು ಮಾಂಸದ್ದು. ಕೇಳದೆ ತಟ್ಟೆಗೆ ಕೈ ಹಾಕಬೇಡಿ. ಮನೆಗೆ ಒಯ್ಯಲು ಗುಲಾಬಿ ದಳ ತುಂಬಿದ ಹೂವಿನ ಬಿಲ್ಲೆಗಳು ಚೆನ್ನ, ಆದರೆ ಕೆಲವದರಲ್ಲಿ ಹಂದಿಕೊಬ್ಬು ಹಾಕಿರುತ್ತಾರೆ. ಪೊಟ್ಟಣದ ಮೇಲಿನ ಬರಹವನ್ನು ಮೊಬೈಲಿನಲ್ಲಿ ಅನುವಾದಿಸಿ ಓದಿಯೇ ಕೊಳ್ಳಿ.