ಬ್ಲಾಗರ್: ಹಲವು ವರ್ಷಗಳ ಬಳಕೆಯ ನಂತರ, ಬಿಡಬೇಕೋ ಉಳಿಸಿಕೊಳ್ಳಬೇಕೋ

ಕಲಬುರಗಿಯಲ್ಲಿದ್ದುಕೊಂಡು ಕನ್ನಡದಲ್ಲಿ ಸ್ವಂತ ಬ್ಲಾಗ್ ನಡೆಸಲು ನಾನು ಮೊದಲಿನಿಂದಲೂ ಬಳಸುತ್ತಿರುವುದು ಬ್ಲಾಗರ್ ಸೇವೆಯನ್ನು. 1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಕಂಪನಿ ಆರಂಭಿಸಿ, 2003ರಲ್ಲಿ ಗೂಗಲ್ ಕೊಂಡುಕೊಂಡ ಈ ಸೇವೆ ಇಂದಿಗೂ ಉಚಿತವಾಗಿದೆ. ಸ್ವಂತ ಡೊಮೇನ್ ಹೆಸರು ಬೇಕೆನ್ನುವವರು ಮಾತ್ರ ಅದಕ್ಕೆ ಹಣ ಕೊಡಬೇಕಾಗುತ್ತದೆ. ಯುನಿಕೋಡ್ ಕನ್ನಡ ಸರಾಗವಾಗಿ ಮೂಡುತ್ತದೆ, ಚಿತ್ರ ಸೇರಿಸುವುದು ಸುಲಭ, ಹಳೆಯ ಬರಹಗಳು ಇಟ್ಟಲ್ಲೇ ಇರುತ್ತವೆ. ಸೇವೆಯ ಗುಣಮಟ್ಟದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. ದೀರ್ಘಕಾಲ ಬಳಸಿದವರಿಗೆ ಎದುರಾಗುವ ನಿಜವಾದ ಪ್ರಶ್ನೆ ಬೇರೆಯೇ ಇದೆ: ಬ್ಲಾಗ್ ನಮ್ಮ ದಿನದಲ್ಲಿ, ನಮ್ಮ ಮನಸ್ಸಿನಲ್ಲಿ ಎಷ್ಟು ಜಾಗ ಪಡೆಯಬೇಕು?

ನನ್ನ ಬ್ಲಾಗಿನಲ್ಲಿ ಎರಡು ಬಗೆಯ ಬರಹಗಳಿವೆ. ಮೊದಲನೆಯವು ಈ ಭಾಗದ ಊರುಗಳನ್ನು ಕುರಿತವು: ಕಾಗಿಣಾ ನದಿಯ ದಂಡೆಯಲ್ಲಿರುವ, ಒಮ್ಮೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ, ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ ಜಾಮಿ ಮಸೀದಿ, ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಬ್ರಾಹ್ಮಿ ಲಿಪಿಯ ಹೆಸರಿನೊಂದಿಗೆ ದೊರೆತ ಅಶೋಕನ ಶಿಲ್ಪ. ಪ್ರಕಟವಾದ ದಿನ ಇವನ್ನು ಹೆಚ್ಚು ಜನ ಓದುವುದಿಲ್ಲ. ಆದರೆ ಗೂಗಲ್ ಹುಡುಕಾಟದ ಮೂಲಕ ವರ್ಷಗಟ್ಟಲೆ ಒಬ್ಬೊಬ್ಬರಾಗಿ ಬರುತ್ತಲೇ ಇರುತ್ತಾರೆ. 2014ರಲ್ಲಿ ಜಿಲ್ಲೆಯ ಹೆಸರು ಕಲಬುರಗಿ ಎಂದು ಬದಲಾದ ಮೇಲೂ ಗುಲಬರ್ಗಾ ಎಂದೇ ಹುಡುಕುವವರು ಇರುವುದರಿಂದ ಎರಡೂ ಹೆಸರುಗಳನ್ನು ಲೇಬಲ್‌ನಲ್ಲಿ ಹಾಕುತ್ತೇನೆ. ದುಡಿಯಲು ಪುಣೆಗೆ ಹೋಗಿ ಅಲ್ಲೇ ನೆಲೆಸಿದ ಕುಟುಂಬದ ಯುವಕನೊಬ್ಬ ತನ್ನ ಅಜ್ಜನ ಊರಿನ ದಾರಿ ಕೇಳಿ ಪತ್ರ ಬರೆದದ್ದು ಇಂಥದೊಂದು ಹಳೆಯ ಬರಹವನ್ನು ಓದಿ.

ಎರಡನೆಯವು ಮನೆಯ, ಬಂಧುಗಳ, ನನ್ನ ಸುಖದುಃಖಗಳ ಬರಹಗಳು. ಸೆಳೆತವಿರುವುದು ಇಲ್ಲಿ. ಇವಕ್ಕೆ ಪ್ರತಿಕ್ರಿಯೆ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ಕೆಲವೊಮ್ಮೆ ಏನೂ ಬರುವುದಿಲ್ಲ. ಯಾವಾಗ ಬರುತ್ತದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕಾಳು ಯಾವ ಕುಕ್ಕಿಗೆ ಸಿಗುತ್ತದೆಂದು ಊಹಿಸಲಾಗದಂತೆ ಕೊಟ್ಟಾಗ ಹಕ್ಕಿ ಬಿಡದೆ ಕುಕ್ಕುತ್ತಿತ್ತು, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಅಂಕಿಅಂಶದ ಪುಟವನ್ನು ಮತ್ತೆ ಮತ್ತೆ ತೆರೆಯುವ ಬೆರಳಿನ ಹಿಂದೆಯೂ ಇದೇ ಕಾರಣವಿದೆ ಎಂದು ನಾನು ನಂಬಿದ್ದೇನೆ. ಇದನ್ನು ಬ್ಲಾಗರ್‌ನ ದೋಷವೆಂದು ಎಣಿಸಲಾರೆ, ಏಕೆಂದರೆ ಓದುಗರ ಲೆಕ್ಕ ತೋರಿಸುವ ಯಾವ ಜಾಗದಲ್ಲೂ ಈ ಸೆಳೆತ ಇದ್ದೇ ಇರುತ್ತದೆ. ಅಲ್ಲದೆ ಆ ಲೆಕ್ಕ ತಿಳಿಸುವುದು ಪುಟವನ್ನು ತೆರೆದದ್ದನ್ನಷ್ಟೇ; ಓದಿದರೋ ಇಲ್ಲವೋ, ಓದಿ ಏನನಿಸಿತೋ ಅದಕ್ಕೆ ತಿಳಿಯದು.

ಆದರೂ ಪುಟ ನೋಡುವುದಕ್ಕೆ ಹೋಗುವ ಸಮಯ ಸಣ್ಣ ನಷ್ಟ. ದೊಡ್ಡ ನಷ್ಟ ಎಲ್ಲಿದೆ ಎಂಬುದು ಹೊಲದಲ್ಲಿ ತೊಗರಿ ರಾಶಿ ನಡೆದಾಗ ನನಗೆ ಸ್ಪಷ್ಟವಾಯಿತು. ಯಂತ್ರದ ಬಾಯಿಗೆ ಚೀಲ ಹಿಡಿದು ನಿಂತಿದ್ದೆ. ಹೊಟ್ಟು ಕಣ್ಣಿಗೆ, ಕುತ್ತಿಗೆಗೆ ಅಂಟುತ್ತಿತ್ತು. ಪಕ್ಕದಲ್ಲಿ ಕಾಕಾ ಆ ವರ್ಷದ ಸಾಲದ ವಿಷಯ ಹೇಳುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ನನ್ನ ತಲೆಯಲ್ಲಿ ಅದು ಬರಹದ ಮೊದಲ ಸಾಲಾಗಿ ಕುಳಿತಿತ್ತು. "ತಮ್ಮಾ, ಚೀಲ ಸರಿಯಾಗಿ ಹಿಡಿ, ಕಾಳು ಚೆಲ್ಲಲಾಕತ್ತಾವ" ಎಂದವರು ಸ್ವಲ್ಪ ತಡೆದು, "ಇದನ್ನೂ ಬರೀತಿ ಏನು?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ಆದರೆ ಅಂದು ಸಾಲದ ಮಾತು ಅಲ್ಲಿಗೇ ನಿಂತಿತು. ತನ್ನ ಮಾತು ಊರೆಲ್ಲ ಓದುವ ಬರಹವಾಗಬಹುದು ಎಂದು ಗೊತ್ತಿರುವವನು ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ಆತ್ಮೀಯರ ಬಗ್ಗೆ ಬರೆಯುವ ಯಾವ ಬ್ಲಾಗಿಗೂ ಇದು ತೆರಬೇಕಾದ ಬೆಲೆ, ಮತ್ತು ನನ್ನ ಮಟ್ಟಿಗೆ ಅದು ತೀರ ದುಬಾರಿ.

ಹಾಗೆಂದು ಪೂರ್ತಿ ಬಿಡುವುದು ನನಗೆ ಸರಿ ಕಾಣಲಿಲ್ಲ. ಮಳಖೇಡದ ಬರಹವನ್ನು ಅಳಿಸಿದರೆ ಅದನ್ನು ಹುಡುಕಿಕೊಂಡು ಬರುವವರಿಗೆ ಆಗುವ ನಷ್ಟಕ್ಕೆ ಪ್ರತಿಯಾಗಿ ನನಗೆ ಯಾವ ನೆಮ್ಮದಿಯೂ ಸಿಗದು. ಆದ್ದರಿಂದ ಮನೆಯ ಬರಹಗಳನ್ನು ಮಾತ್ರ ನಿಲ್ಲಿಸಿದ್ದೇನೆ. ಹಳೆಯವುಗಳನ್ನು ಅಳಿಸದೆ ಕರಡು ಸ್ಥಿತಿಗೆ ಮರಳಿಸಿದ್ದೇನೆ; ಬ್ಲಾಗರ್‌ನಲ್ಲಿ ಹೀಗೆ ಮಾಡಿದರೆ ಅವು ಓದುಗರಿಗೆ ಕಾಣುವುದಿಲ್ಲ, ನಮ್ಮ ಬಳಿ ಉಳಿಯುತ್ತವೆ. ಊರುಗಳ ಬರಹಗಳನ್ನು ಬಿಡುವಿನಲ್ಲಿ ಬರೆದು, ಪ್ರಕಟವಾಗಬೇಕಾದ ದಿನ ಮತ್ತು ಸಮಯವನ್ನು ಮೊದಲೇ ನಿಗದಿಪಡಿಸುತ್ತೇನೆ. ಪ್ರಕಟಿಸುವ ಗುಂಡಿಯನ್ನು ಒತ್ತಿದ ಕೂಡಲೇ ಹುಟ್ಟುವ ಕಾತರ ಇದರಿಂದ ಬಹುಮಟ್ಟಿಗೆ ಇಳಿದಿದೆ. ಫೋನಿನಲ್ಲಿ ಆ ಖಾತೆಗೆ ಲಾಗಿನ್ ಆಗುವುದಿಲ್ಲ.

ಊರಿನ, ಭಾಷೆಯ, ಕಸುಬಿನ ವಿಷಯಗಳನ್ನು ಕನ್ನಡದಲ್ಲಿ ದಾಖಲಿಸಬೇಕೆನ್ನುವವರಿಗೆ ಈ ಸೇವೆಯನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ದಿನಚರಿ ಬರೆಯುವವರಿಗೆ ಮಾಡಲಾರೆ. ಅದಕ್ಕೆ ನೋಟ್‌ಬುಕ್ಕೇ ಒಳ್ಳೆಯದು. ಈಗಾಗಲೇ ಬಿಡಬೇಕೆಂದು ನಿರ್ಧರಿಸಿದವರು ಬ್ಲಾಗನ್ನು ಅಳಿಸುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಳ್ಳಿ.  ಚಿತ್ರಗಳೂ ಅದರಲ್ಲಿ ಬಂದಿವೆಯೇ ಎಂದು ನೋಡಿಕೊಂಡು, ಇಲ್ಲದಿದ್ದರೆ ಅವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಿ.